ಆರೈಕೆ ಮಾಡುವವರಿಗೆ ಶಾಲು ಬೇಡ, ವಾರಕ್ಕೆ ಎರಡು ಗಂಟೆ ಕೊಡಿ: ಶುರು ಮಾಡುವುದು ಹೇಗೆ?

"ನಮ್ಮ ಅತ್ತಿಗೆ ಇಪ್ಪತ್ತೆಂಟು ವರ್ಷದಿಂದ ಮಗನನ್ನ ನೋಡ್ಕೊಳ್ತಿದ್ದಾರೆ. ಅವರಿಗೆ ಏನಾದ್ರೂ ಮಾಡ್ಬೇಕು ಅನ್ಸುತ್ತೆ, ಏನ್ ಮಾಡೋದು?" ಈ ಪ್ರಶ್ನೆಯನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ನನಗೆ ಕೇಳುತ್ತಲೇ ಇರುತ್ತಾರೆ. ಕೆಲವರು ಪಕ್ಕದ ಮನೆಯವರ ಬಗ್ಗೆ ಕೇಳುತ್ತಾರೆ, ಕೆಲವರು ಸ್ವಂತ ಅಮ್ಮನ ಬಗ್ಗೆಯೇ ಕೇಳುತ್ತಾರೆ. ಡಿಸೆಂಬರ್ 3ರ ಅಂಗವಿಕಲರ ದಿನ ಹತ್ತಿರ ಬಂದರೆ ಸಂಘದವರು ಫೋನ್ ಮಾಡಿ "ತಾಯಂದಿರಿಗೆ ಒಂದು ಸನ್ಮಾನ ಇಟ್ಕೊಂಡಿದ್ದೀವಿ, ಏನು ಕೊಡೋಣ?" ಅನ್ನುತ್ತಾರೆ.

ನನ್ನ ತಮ್ಮನಿಗೆ 34 ವರ್ಷ. ಬೌದ್ಧಿಕ ಅಸಾಮರ್ಥ್ಯ ಇದೆ, ಜೊತೆಗೆ ಫಿಟ್ಸ್ ಬರುತ್ತದೆ. ಅವನನ್ನು ನೋಡಿಕೊಳ್ಳುವ ಅಮ್ಮನಿಗೆ 66. ಅಮ್ಮನಿಗೆ ಬಂದ ಹೊಗಳಿಕೆಗೆ ಲೆಕ್ಕವಿಲ್ಲ. ಆದರೆ ಎರಡು ಗಂಟೆ ಬಿಡುವು ಕೊಟ್ಟವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಅದಕ್ಕೇ ಯಾರು ಕೇಳಿದರೂ ನನ್ನ ಉತ್ತರ ಒಂದೇ. ನಿಮ್ಮ ಸಮಯ ಕೊಡಿ, ಅದೂ ಪ್ರತಿ ವಾರ, ಅದೇ ದಿನ, ಅದೇ ಹೊತ್ತಿಗೆ. ಹೇಗೆ ಅನ್ನುವುದನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ.

ಯಾರ ಬಗ್ಗೆ ಮಾತಾಡುತ್ತಿದ್ದೇವೆ?

ಬೆಳವಣಿಗೆಯ ಅಂಗವೈಕಲ್ಯ ಅಂದರೆ ಹುಟ್ಟಿನಿಂದ ಅಥವಾ ತೀರಾ ಚಿಕ್ಕಂದಿನಿಂದಲೇ ಕಲಿಯುವುದು, ಮಾತಾಡುವುದು, ನಡೆಯುವುದು, ತನ್ನ ಕೆಲಸ ತಾನು ಮಾಡಿಕೊಳ್ಳುವುದು ಕಷ್ಟವಾಗಿರುವ ಸ್ಥಿತಿ. ಬೌದ್ಧಿಕ ಅಸಾಮರ್ಥ್ಯ (ಹಿಂದೆ ಬುದ್ಧಿಮಾಂದ್ಯ ಅನ್ನುತ್ತಿದ್ದರು, ಈಗ ಆ ಪದ ಬಿಡಿ), ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಎಲ್ಲ ಇದರಲ್ಲಿ ಬರುತ್ತವೆ. ಮಕ್ಕಳಾಗಿದ್ದಾಗ ಸ್ಪೆಷಲ್ ಸ್ಕೂಲ್, ಥೆರಪಿ ಅಂತ ಏನೋ ಒಂದು ಇರುತ್ತದೆ. 18 ದಾಟಿದ ಮೇಲೆ ಅದು ಮುಗಿದುಹೋಗುತ್ತದೆ. ಮಗ ಹಗಲೆಲ್ಲ ಮನೆಯಲ್ಲಿ, ಅಮ್ಮನಿಗಿಂತ ಎತ್ತರ, ಅಮ್ಮನಿಗಿಂತ ಭಾರ, ಅಮ್ಮನಿಗೆ ಅಷ್ಟರಲ್ಲಿ ಮಂಡಿನೋವು. ಕೆಲಸ ಭಾರವಾಗುವ ಹೊತ್ತಿಗೇ ಸಹಾಯ ಕಡಿಮೆಯಾಗುತ್ತದೆ. ಚಿಕ್ಕ ಮಗುವನ್ನು ಎತ್ತಿಕೊಳ್ಳಲು ನೆಂಟರು ಮುಂದೆ ಬರುತ್ತಾರೆ, ಮೂವತ್ತರ ಗಂಡಸಿನ ಪಕ್ಕ ಕೂರಲು ಹಿಂಜರಿಯುತ್ತಾರೆ. ಈ ಲೇಖನ ಬರೆದಿರುವುದು ಅದಕ್ಕೇ.

ಆರೈಕೆದಾರರು ಅಂದರೆ ಯಾರು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಣ ಪಡೆದು ಮಾಡಲಿ, ಪಡೆಯದೆ ಮಾಡಲಿ, ಅಪ್ಪ ಅಮ್ಮ ಆಗಿರಲಿ, ಮನೆಯ ಬೇರೆಯವರಾಗಿರಲಿ, ಹೊರಗಿನವರಾಗಿರಲಿ, ಆರೈಕೆ ಮಾಡುವವರೆಲ್ಲ ಆರೈಕೆದಾರರೇ. ಅಂದರೆ ತಾಯಿ ಮಾತ್ರ ಅಲ್ಲ. ಕೆಲಸ ಬಿಟ್ಟು ಕೂತ ಅಣ್ಣ, ಮದುವೆಯಾಗಿ ಬಂದ ಮನೆಯಲ್ಲಿ ಮೈದುನನನ್ನು ನೋಡಿಕೊಳ್ಳುವ ಅತ್ತಿಗೆ, ಹಾಸ್ಟೆಲ್‌ನಲ್ಲಿ ರಾತ್ರಿ ಪಾಳಿ ಮಾಡುವ ಆಯಾ, ಎಲ್ಲರೂ ಸೇರಿದರು.

ಏನೇನು ಬೇಕು?

ಒಂದು ಇನ್ನೂರು ಪುಟದ ನೋಟ್‌ಬುಕ್. ವಾರದಲ್ಲಿ ಒಂದು ದಿನ ನಿಗದಿಯಾದ ಎರಡು ಗಂಟೆ. ಕನಿಷ್ಠ ಆರು ತಿಂಗಳು ಬಿಡದೆ ಬರುತ್ತೇನೆ ಅನ್ನುವ ಮನಸ್ಸು. ಆರು ತಿಂಗಳು ಆಗುವುದಿಲ್ಲ ಅನಿಸಿದರೆ ಎರಡು ಗಂಟೆಯ ಬದಲು ಒಂದೇ ಗಂಟೆ ಇಟ್ಟುಕೊಳ್ಳಿ, ಆದರೆ ತಪ್ಪಿಸಬೇಡಿ. ನರ್ಸಿಂಗ್ ಗೊತ್ತಿರಬೇಕಿಲ್ಲ.

ಹಂತ 1: ಸುಮ್ನೆ ಕೂತು ಒಂದು ದಿನ ನೋಡಿ

ಸಹಾಯ ಮಾಡುವ ಮೊದಲು ಅವರ ಒಂದು ದಿನ ಹೇಗಿರುತ್ತದೆ ಎಂದು ನೋಡಿ. ಫೋನ್ ಬದಿಗಿಟ್ಟು, ಬೆಳಿಗ್ಗೆ ಹೋಗಿ ಮಧ್ಯಾಹ್ನದವರೆಗೆ ಕೂರಿ.

ನಮ್ಮಮ್ಮ ತಮ್ಮನಿಗೆ ಶೇವ್ ಮಾಡುವುದನ್ನು ಹೇಳುತ್ತೇನೆ. ಅವನನ್ನು ಹಿತ್ತಲಲ್ಲಿ ಮಣೆ ಮೇಲೆ ಕೂರಿಸಿ, ನೊರೆ ಹಚ್ಚಿ, ಒಂದು ಎರಡು ಮೂರು ಅಂತ ಜೋರಾಗಿ ಎಣಿಸುತ್ತಾರೆ. ಹತ್ತಕ್ಕೆ ನಿಲ್ಲಿಸಬೇಕು, ಅದು ಅವರಿಬ್ಬರ ಒಪ್ಪಂದ. ಹತ್ತಾದ ಕೂಡಲೇ ಅವನು ಎದ್ದು ತುಳಸಿಕಟ್ಟೆಗೆ ಒಂದು ಸುತ್ತು ಹಾಕುತ್ತಾನೆ, ಕೆನ್ನೆಯ ಮೇಲೆ ನೊರೆ ಹಾಗೇ ಇರುತ್ತದೆ. ವಾಪಸ್ ಬಂದು ಕೂತ ಮೇಲೆ ಮತ್ತೆ ನೀರು, ಮತ್ತೆ ನೊರೆ, ಮತ್ತೆ ಒಂದರಿಂದ. ಒಂದು ಮುಖ ಮುಗಿಯಲು ನಲವತ್ತು ನಿಮಿಷ ಬೇಕು. ಅಮ್ಮ ಅವಸರ ಮಾಡಿದ ದಿನ ಗಲ್ಲದ ಮೇಲೆ ಗಾಯವಾಗುತ್ತದೆ, ಮುಂದಿನ ಹತ್ತು ದಿನ ಅವನು ಮಣೆ ಕಂಡರೆ ಓಡಿಹೋಗುತ್ತಾನೆ. ನಾನು ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಆದ ಮೇಲೆ ಒಂದು ದಿನ ಪೂರ್ತಿ ಕೂತು ಇದನ್ನು ನೋಡಿದೆ. ಅಲ್ಲಿಯವರೆಗೂ ಅಮ್ಮ "ಬೆಳಿಗ್ಗೆ ಶೇವ್ ಮಾಡಿ ಸ್ನಾನ ಮಾಡಿಸ್ದೆ" ಅಂದರೆ ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ.

ನೋಡಿದ ಮೇಲೆ ಕೇಳಿ. ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ.

ಎಡವುವ ಜಾಗ: "ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವುದು. ಇದನ್ನು ಕೇಳಿಸಿಕೊಂಡ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂಕೋಚ ಇರುತ್ತದೆ. "ಮಂಗಳವಾರ ನಾಲ್ಕರಿಂದ ಆರು ನಾನು ಇಲ್ಲೇ ಇರ್ತೀನಿ, ನೀವು ಹೊರಗೆ ಹೋಗಿ ಬನ್ನಿ" ಅಥವಾ "ಈ ತಿಂಗಳ ಮಾತ್ರೆ ನಾನು ತರ್ತೀನಿ, ಚೀಟಿ ಕೊಡಿ" ಎಂದು ಹೇಳಿ ನೋಡಿ. ಹೂಂ ಅನ್ನುವುದು ಅವರಿಗೂ ಸುಲಭ, ಬೇಡ ಅನ್ನುವುದೂ ಸುಲಭ.

ಹಂತ 2: ಮಾತು ತಿದ್ದಿಕೊಳ್ಳಿ

ಒಳ್ಳೆಯ ಮನಸ್ಸಿನಿಂದಲೇ ಆಡುವ ಕೆಲವು ಮಾತುಗಳು ನೋವು ಕೊಡುತ್ತವೆ. "ದೇವರು ನಿಮ್ಮನ್ನೇ ಆರಿಸಿ ಕೊಟ್ಟಿದ್ದಾನೆ." "ಯಾವ ಜನ್ಮದ ಋಣವೋ." "ನಮ್ಮ ಕೈಲಿ ಆಗ್ತಿರಲಿಲ್ಲಪ್ಪ." ಈ ಮೂರನ್ನೂ ನನ್ನ ಅಮ್ಮ ತಿಂಗಳಿಗೆ ನಾಲ್ಕು ಸಲವಾದರೂ ಕೇಳುತ್ತಾರೆ. ತಾಯಿಯನ್ನು ದೇವರು ಮಾಡಿಬಿಟ್ಟರೆ ಅವಳು ಸುಸ್ತಾಯಿತು ಅಂತ ಹೇಳುವ ಹಾಗಿಲ್ಲ, ಸಿಟ್ಟು ಬಂತು ಅನ್ನುವ ಹಾಗಿಲ್ಲ, ಒಂದು ದಿನ ನನಗೆ ಇದೆಲ್ಲ ಸಾಕಾಗಿದೆ ಅನ್ನುವ ಹಾಗೂ ಇಲ್ಲ.

ಅದಕ್ಕಿಂತಲೂ ಕೆಟ್ಟ ಪ್ರಶ್ನೆ "ನಿಮ್ಮ ಕಾಲ ಆದ್ಮೇಲೆ ಇವನ ಗತಿ ಏನು?" ಇದನ್ನು ಯಾವ ಕಾರಣಕ್ಕೂ ಕೇಳಬೇಡಿ. ದಿನಾ ರಾತ್ರಿ ಅವರ ನಿದ್ದೆ ಕೆಡಿಸುವ ಪ್ರಶ್ನೆ ಅದೇ. ನೀವು ಹೊಸದಾಗಿ ನೆನಪಿಸಬೇಕಿಲ್ಲ.

ಹಾಗಾದರೆ ಏನು ಹೇಳಬೇಕು? ನೀವು ಕಣ್ಣಾರೆ ಕಂಡದ್ದನ್ನು ಹೇಳಿ. "ನೀವು ಹತ್ತರವರೆಗೆ ಎಣಿಸಿ ಶೇವ್ ಮಾಡೋದು ನೋಡಿದೆ, ಅವನು ಎಷ್ಟು ಚೆನ್ನಾಗಿ ಕೂತ್ಕೊಂಡ." ಇಷ್ಟು ಸಾಕು. ಅವರ ಜಾಣತನವನ್ನು ಯಾರೋ ಗಮನಿಸಿದರಲ್ಲ ಅನ್ನುವುದೇ ಅವರಿಗೆ ದೊಡ್ಡ ಸಮಾಧಾನ.

ಇನ್ನೊಂದು. ಆ ಮನೆಯ ಮಗ ಅಥವಾ ಮಗಳು ಎದುರಿಗೇ ಕೂತಿರುವಾಗ ಅವರ ಬಗ್ಗೆ ಮೂರನೆಯವರ ಹಾಗೆ ಮಾತಾಡಬೇಡಿ. "ಇವನು ಊಟ ಮಾಡಿದ್ನಾ?" ಎಂದು ಅಮ್ಮನನ್ನು ಕೇಳುವ ಬದಲು ಅವನನ್ನೇ ಕೇಳಿ. ಉತ್ತರ ಬರದಿದ್ದರೂ ಕೇಳಿ. ಮೂವತ್ತು ದಾಟಿದವರನ್ನು ಮಗು, ಪಾಪು ಎಂದು ಕರೆಯಬೇಡಿ, ಹೆಸರು ಹಿಡಿದು ಕರೆಯಿರಿ. ಮಗನಿಗೆ ಮರ್ಯಾದೆ ಕೊಟ್ಟರೆ ಅಮ್ಮನಿಗೆ ಕೊಟ್ಟಂತೆಯೇ.

ಹಂತ 3: ನೋಟ್‌ಬುಕ್ ಬರೆಯಿರಿ, ಪರಿಚಯ ಮಾಡಿಕೊಳ್ಳಿ

ನೀವು ಬಂದ ಮೊದಲ ದಿನವೇ ಅಮ್ಮ ಮಗನನ್ನು ಬಿಟ್ಟು ಹೊರಗೆ ಹೋಗುವುದಿಲ್ಲ, ಹೋಗಲೂಬಾರದು. ಮೂರು ನಾಲ್ಕು ಸಲ ಅವರ ಜೊತೆಯಲ್ಲೇ ಕೂರಿ. ಅಮ್ಮ ಹೇಳಿದ್ದನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ. ಮುಂದೆ ಯಾರೇ ಬಂದರೂ ಈ ಪುಸ್ತಕ ಕೆಲಸಕ್ಕೆ ಬರುತ್ತದೆ. ಅಮ್ಮ ಆಸ್ಪತ್ರೆ ಸೇರುವ ಹಾಗಾದರೆ ಇನ್ನೂ ಜಾಸ್ತಿ ಬೇಕಾಗುತ್ತದೆ.

ನಮ್ಮ ಮನೆಯ ಪುಸ್ತಕದ ಮೊದಲ ಪುಟದಲ್ಲಿ ಹೀಗಿದೆ: "ಹಸಿವಾದರೆ ತಟ್ಟೆ ತಂದು ನಮ್ಮ ಮಡಿಲಲ್ಲಿ ಇಡುತ್ತಾನೆ. ಹೊಟ್ಟೆನೋವಾದರೆ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಾನೆ. ಮಿಕ್ಸಿ ಶಬ್ದಕ್ಕೆ ಹೆದರುತ್ತಾನೆ, ಹೇಳಿ ಹಾಕಿ. ಆಮೇಲೆ ಹೋಗೋಣ ಅನ್ನಬೇಡಿ, ಊಟ ಆದ ಮೇಲೆ ಹೋಗೋಣ ಅನ್ನಿ. ಬಾತ್‌ರೂಮಿನ ಒಳಚಿಲಕ ತೆಗೆಸಿದ್ದೇವೆ, ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲಿ."

ಈ ವಿಷಯಗಳು ಪುಸ್ತಕದಲ್ಲಿ ಇರಲೇಬೇಕು: ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಊಟ ಎಷ್ಟು ಮೆತ್ತಗೆ ಇರಬೇಕು, ಯಾವುದರಿಂದ ಗಾಬರಿಯಾಗುತ್ತದೆ, ಗಾಬರಿಯಾದಾಗ ಏನು ಮಾಡಿದರೆ ಶಾಂತವಾಗುತ್ತದೆ, ಮಾತು ಬರದಿದ್ದರೆ ಏನು ಬೇಕು ಅನ್ನುವುದನ್ನು ಹೇಗೆ ತೋರಿಸುತ್ತಾರೆ, ಡಾಕ್ಟರ ಫೋನ್ ನಂಬರ್.

ಎರಡು ಪದ ಇಲ್ಲಿ ತಿಳಿದಿರಲಿ. ಟ್ರಿಗರ್ ಅಂದರೆ ಗಾಬರಿಗೆ ಕಾರಣವಾಗುವ ಸಂಗತಿ. ಮೆಲ್ಟ್‌ಡೌನ್ ಅಂದರೆ ಶಬ್ದ, ಬೆಳಕು, ಜನ ಎಲ್ಲ ತಡೆಯಲಾರದಷ್ಟಾಗಿ ಕಿರುಚುವುದು, ತಲೆ ಚಚ್ಚಿಕೊಳ್ಳುವುದು. ಆಟಿಸಂ ಇರುವವರಲ್ಲಿ ಜಾಸ್ತಿ ಕಾಣುತ್ತದೆ. ಇದು ಹಟ ಅಲ್ಲ. ಬೈದರೆ, ಹಿಡಿದೆಳೆದರೆ ಹೆಚ್ಚಾಗುತ್ತದೆ. ಟಿವಿ ಆರಿಸಿ, ಸುತ್ತಲಿನವರನ್ನು ಆಚೆ ಕಳಿಸಿ, ಕಡಿಮೆ ಮಾತಾಡಿ, ಪೆಟ್ಟಾಗದಂತೆ ನೋಡಿಕೊಂಡು ಕಾಯಿರಿ.

ಫಿಟ್ಸ್ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು, ಯಾಕೆಂದರೆ ನಮ್ಮೂರುಗಳಲ್ಲಿ ಈಗಲೂ ಕೈಗೆ ಬೀಗದ ಕೈ ಕೊಡುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಬಾಯಿಗೆ ಚಮಚ ತುರುಕುತ್ತಾರೆ. ಇದ್ಯಾವುದೂ ಬೇಡ. ಬಾಯಿಗೆ ಏನನ್ನೂ ಹಾಕಬಾರದು, ನೀರು ಕೂಡ ಕುಡಿಸಬಾರದು. ಕೈಕಾಲು ಅದುಮಿ ಹಿಡಿಯಬಾರದು. ಮೊದಲು ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಡಿ, ಕತ್ತಿನ ಗುಂಡಿ ಸಡಿಲ ಮಾಡಿ, ಒಂದು ಪಕ್ಕಕ್ಕೆ ಹೊರಳಿಸಿ, ಪೂರ್ತಿ ಎಚ್ಚರ ಆಗುವವರೆಗೆ ಜೊತೆಯಲ್ಲೇ ಇರಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಶುರುವಾದರೆ, ಪೆಟ್ಟು ಬಿದ್ದಿದ್ದರೆ, 108ಕ್ಕೆ ಫೋನ್ ಮಾಡಿ.

ಊಟ ಮಾಡಿಸುವುದಿದ್ದರೆ, ಮುಖ್ಯವಾಗಿ ಸೆರೆಬ್ರಲ್ ಪಾಲ್ಸಿ ಇದ್ದರೆ, ನೆಟ್ಟಗೆ ಕೂರಿಸಿ. ಮಲಗಿಸಿ ಅಥವಾ ತಲೆ ಹಿಂದಕ್ಕೆ ವಾಲಿಸಿ ತಿನ್ನಿಸಿದರೆ ಅನ್ನ ಉಸಿರುನಾಳಕ್ಕೆ ಹೋಗಬಹುದು. ಸಣ್ಣ ತುತ್ತು ಕೊಡಿ. ನುಂಗಿದ್ದನ್ನು ನೋಡಿ ಮುಂದಿನದು ಕೊಡಿ. ಕೆಮ್ಮು ಬಂದರೆ ನಿಲ್ಲಿಸಿ.

ಸ್ನಾನ, ಬಟ್ಟೆ, ಶೌಚದ ಕೆಲಸಕ್ಕೆ ಮೊದಲೇ ಕೈ ಹಾಕಬೇಡಿ. ಅದು ಅವರ ಮೈ, ಅವರ ಮಾನ. ಮನೆಯವರು ಕೇಳಿಕೊಂಡರೆ, ಆ ವ್ಯಕ್ತಿಗೂ ಒಪ್ಪಿಗೆ ಇದ್ದರೆ, ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಮಾಡುವುದು ಒಳ್ಳೆಯದು.

ಹಂತ 4: ಎರಡು ಗಂಟೆ ಕೊಡಿ

ಇದಕ್ಕೆ ರೆಸ್ಪೈಟ್ ಕೇರ್ ಎನ್ನುತ್ತಾರೆ, ಅಂದರೆ ಆರೈಕೆ ಮಾಡುವವರಿಗೆ ಬಿಡುವು ಸಿಗಲಿ ಎಂದು ಬೇರೆಯವರು ಸ್ವಲ್ಪ ಹೊತ್ತು ಆ ಜವಾಬ್ದಾರಿ ಹೊರುವುದು. ಹೀಗೆ ಮುಂದುವರಿಯಿರಿ: ಮೊದಲ ವಾರ ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಲಿ. ಎರಡನೇ ವಾರ ಪಕ್ಕದ ಮನೆಗೆ ಹೋಗಿ ಬರಲಿ. ಮೂರನೇ ವಾರ ಪೇಟೆಗೆ, ದೇವಸ್ಥಾನಕ್ಕೆ, ಎಲ್ಲಿಗಾದರೂ.

ಮೊದಲ ಕೆಲವು ಸಲ ಅಮ್ಮ ಅರ್ಧ ಗಂಟೆಗೇ ವಾಪಸ್ ಬಂದುಬಿಡುತ್ತಾರೆ, ಅಥವಾ ಹೋಗುವುದೇ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತೈದು ವರ್ಷ ಒಂದು ಕಿವಿಯನ್ನು ಮಗನ ಕಡೆಗೇ ಇಟ್ಟು ಬದುಕಿದವರಿಗೆ ಏಕಾಏಕಿ ಬಿಡುವು ಸಿಕ್ಕರೆ ಏನು ಮಾಡಬೇಕು ಎಂದೇ ತೋಚುವುದಿಲ್ಲ. ನೀವು ಮುಂದಿನ ವಾರವೂ ಬನ್ನಿ, ಆ ಮುಂದಿನ ವಾರವೂ ಬನ್ನಿ. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಒಬ್ಬರು ತಮ್ಮನ ಜೊತೆ ಕೂರಲು ಶುರು ಮಾಡಿ ಏಳನೇ ವಾರಕ್ಕೆ ಅಮ್ಮ ಒಬ್ಬರೇ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದರು. ನಾಲ್ಕು ವರ್ಷದಿಂದ ಮುಂದೂಡಿದ್ದ ಕೆಲಸ ಅದು.

ಆ ಎರಡು ಗಂಟೆ ಏನು ಮಾಡಬೇಕು? ಅವರಿಗೆ ಇಷ್ಟವಾದದ್ದು. ಮೇಷ್ಟ್ರು ಮತ್ತು ತಮ್ಮ ಸೇರಿ ಕಡಲೆಕಾಯಿ ಬಿಡಿಸುತ್ತಾರೆ, ಸಿಪ್ಪೆ ಒಂದು ಮೊರಕ್ಕೆ, ಬೀಜ ಒಂದು ಡಬ್ಬಿಗೆ. ಏನನ್ನೋ ಕಲಿಸಲೇಬೇಕು ಎಂದು ಹೊರಡಬೇಡಿ. ನೀವು ಥೆರಪಿಸ್ಟ್ ಅಲ್ಲ, ಜೊತೆಗಾರರು.

ಎಡವುವ ಜಾಗಗಳು ಇಲ್ಲಿ ಜಾಸ್ತಿ. ಕೊನೆ ಗಳಿಗೆಯಲ್ಲಿ "ಇವತ್ತು ಆಗಲ್ಲ" ಅನ್ನಬೇಡಿ, ಆ ಎರಡು ಗಂಟೆಯನ್ನು ನಂಬಿ ಅವರು ಏನೋ ಒಂದು ಗೊತ್ತುಮಾಡಿರುತ್ತಾರೆ. ಎಲ್ಲಿಗೆ ಹೋಗಿದ್ರಿ ಎಂದು ವಿಚಾರಿಸಬೇಡಿ. ಸುಮ್ನೆ ಪಾರ್ಕಿನಲ್ಲಿ ಕೂತು ಬಂದಿದ್ದರೂ ಅದು ಅವರ ಸಮಯ. ಅಮ್ಮ ತೋರಿಸಿಕೊಟ್ಟ ಮಾತ್ರೆಯನ್ನು ಮಾತ್ರ, ಹೊತ್ತಿಗೆ ಸರಿಯಾಗಿ ಕೊಡಿ, ಫಿಟ್ಸ್ ಮಾತ್ರೆ ತಪ್ಪಬಾರದು ಅನ್ನುವುದು ನೆನಪಿರಲಿ. ಮತ್ತೆ ದಯವಿಟ್ಟು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಅವರ ಮಗ ನಿಮ್ಮ ಸೇವೆಯ ಸಾಕ್ಷಿ ಆಗುವುದು ಬೇಡ.

ಮದುವೆ ಮನೆಯಲ್ಲೂ ಇದೇ ಕೆಲಸ ಮಾಡಬಹುದು. ಕರೆಯುವಾಗ ಅವನ ಹೆಸರನ್ನೂ ಹೇಳಿ ಕರೆಯಿರಿ. ಮಗನಿಗೆ ಊಟ ಮಾಡಿಸುವಷ್ಟರಲ್ಲಿ ಪಂಕ್ತಿ ಮುಗಿದು, ಎಲೆ ತೆಗೆದು, ಅಮ್ಮ ಕೊನೆಗೆ ಅಡುಗೆಯವರ ಜೊತೆ ಕೂತು ಉಣ್ಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. "ಈ ಪಂಕ್ತಿಲಿ ನೀವು ಕೂತ್ಕೊಳ್ಳಿ, ಇವನ ಜೊತೆ ನಾನಿರ್ತೀನಿ" ಅನ್ನಿ. ಇಪ್ಪತ್ತು ನಿಮಿಷದ ಮಾತು ಅದು.

ಹಂತ 5: ಕಚೇರಿ ಅಲೆಯುವ ಕೆಲಸ ನೀವು ತೆಗೆದುಕೊಳ್ಳಿ

ಮಗನನ್ನು ಬಿಟ್ಟು ಹೋಗಲಾರರು, ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಲಾರರು. ಹಾಗಾಗಿ ಎಷ್ಟೋ ಮನೆಗಳಲ್ಲಿ ಬರಬೇಕಾದ ಸೌಲಭ್ಯ ಬರುವುದೇ ಇಲ್ಲ. ಆನ್‌ಲೈನ್ ಅರ್ಜಿ ತುಂಬುವುದು, ಝೆರಾಕ್ಸ್ ಮಾಡಿಸುವುದು, ವಿಚಾರಿಸಿ ಬರುವುದು ನಿಮ್ಮಿಂದ ಆಗುತ್ತದೆ. ಮೂಲ ದಾಖಲೆ ಮಾತ್ರ ಅವರ ಬಳಿಯೇ ಇರಲಿ.

ಯುಡಿಐಡಿ: ಅಂಗವೈಕಲ್ಯದ ಗುರುತಿನ ಚೀಟಿ, ದೇಶವಿಡೀ ನಡೆಯುತ್ತದೆ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮಿಕ್ಕ ಹೆಚ್ಚಿನ ಸೌಲಭ್ಯಗಳಿಗೆ ಇದೇ ಬುನಾದಿ, ಇದರಿಂದಲೇ ಶುರು ಮಾಡಿ. ಆಧಾರ್‌ನಲ್ಲಿ ಇರುವ ಹೆಸರೂ ಇದರಲ್ಲಿರುವ ಹೆಸರೂ ಒಂದೇ ಇರಲಿ, ಒಂದಕ್ಷರ ಆಚೀಚೆ ಆದರೂ ಮುಂದೆ ಅಲೆದಾಟ.

ನಿರಾಮಯ: ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಸೇರುವಾಗ ವೈದ್ಯಕೀಯ ಪರೀಕ್ಷೆ ಇಲ್ಲ. ಥೆರಪಿ ಖರ್ಚಿಗೂ ಒಂದು ಮಿತಿಯೊಳಗೆ ಸಿಗುತ್ತದೆ. ಜನ ಎಡವುವುದು ನವೀಕರಣದಲ್ಲಿ. ಪಾಲಿಸಿ ವರ್ಷ ಮಾರ್ಚ್‌ಗೆ ಮುಗಿಯುತ್ತದೆ, ಹಾಗಾಗಿ ಜನವರಿಯಲ್ಲೇ ನಿಮ್ಮ ಫೋನಿನಲ್ಲಿ ಅಲಾರ್ಮ್ ಇಡಿ. ಬಿಲ್ಲುಗಳಿಗೆ ಒಂದು ಫೈಲ್ ಮಾಡಿಕೊಡಿ.

ಕಾನೂನಿನ ಪೋಷಕತ್ವ: ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಗನಿಗೆ 18 ತುಂಬಿದ ಮೇಲೆ ಕಾನೂನಿನ ಕಣ್ಣಲ್ಲಿ ಅಪ್ಪ ಅಮ್ಮ ತಾವಾಗಿಯೇ ಗಾರ್ಡಿಯನ್ ಅಲ್ಲ. ಬ್ಯಾಂಕ್, ಆಸ್ತಿ ವಿಚಾರ ಬಂದಾಗ ಕಾಗದ ಕೇಳುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಅಪ್ಪ ಅಮ್ಮ, ಒಡಹುಟ್ಟಿದವರು, ನೆಂಟರು ಹಾಕಬಹುದು. ನೇಮಕ ಆದ ಮೇಲೆ 6 ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು. ಸರ್ಟಿಫಿಕೇಟ್ ಕೈಗೆ ಬಂದ ಖುಷಿಯಲ್ಲಿ ಇದನ್ನು ಮರೆತುಬಿಡುತ್ತಾರೆ.

ಮಾಸಿಕ ಪಿಂಚಣಿ ಮತ್ತು ಭತ್ಯೆ: ಅಂಗವಿಕಲರ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ. ಹೆಚ್ಚು ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಬಗ್ಗೆ 2016ರ ಕಾಯ್ದೆಯಲ್ಲಿ ಹೇಳಿದೆ. ನಿಮ್ಮ ಮನೆಯವರಿಗೆ ಸದ್ಯ ಯಾವುದು ಅನ್ವಯಿಸುತ್ತದೆ ಎಂದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ತೆರಿಗೆ: ಅಂಗವಿಕಲ ಅವಲಂಬಿತರನ್ನು ನೋಡಿಕೊಳ್ಳುವವರಿಗೆ ತೆರಿಗೆ ಲೆಕ್ಕಕ್ಕೆ ಹಿಡಿಯುವ ಆದಾಯದಲ್ಲಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 80ಡಿಡಿ ಕಲಂ) 75,000 ರೂಪಾಯಿ, ಅಂಗವೈಕಲ್ಯ ಶೇ. 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ, ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ರೈಲು: ಒಬ್ಬರೇ ಪ್ರಯಾಣ ಮಾಡಲಾಗದ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಮತ್ತು ಜೊತೆ ಹೋಗುವ ಒಬ್ಬರಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75 ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲೇ ಡಾಕ್ಟರ ಸರ್ಟಿಫಿಕೇಟ್ ಬೇಕು.

ಯಾರನ್ನು ಕೇಳುವುದು ಎಂದು ಗೊತ್ತಾಗದಿದ್ದರೆ ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಯಾರು ಎಂದು ವಿಚಾರಿಸಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅವರು. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ನಾನು ಕಂಡ ವಿಆರ್‌ಡಬ್ಲ್ಯೂಗಳು ಸ್ವತಃ ಅಂಗವಿಕಲರು, ಸಣ್ಣ ಗೌರವಧನಕ್ಕೆ ಮನೆಮನೆ ಸುತ್ತುತ್ತಾರೆ. ಅವರಿಗೂ ಒಂದು ಕಾಫಿ ಕೊಟ್ಟು ಮಾತಾಡಿಸಿ.

ಹಂತ 6: ಸಂಬಳಕ್ಕೆ ಬರುವವರನ್ನು ಮರೆಯಬೇಡಿ

ಮನೆಗೆ ಬರುವ ಆಯಾ, ಅಟೆಂಡರ್, ವಸತಿ ಕೇಂದ್ರದ ಕೆಲಸದವರು. "ನಮ್ಮನೆಯವರ ಥರಾನೇ" ಎಂದು ಬಾಯಲ್ಲಿ ಹೇಳಿ ವಾರದ ರಜೆ ಕೊಡದಿದ್ದರೆ ಆ ಮಾತಿಗೆ ಬೆಲೆ ಇಲ್ಲ. ಸಂಬಳ ಹೇಳಿದ ತಾರೀಖಿಗೆ ಕೊಡಿ. ಕೆಲಸದ ಹೊತ್ತು, ರಜೆ, ಹಬ್ಬದ ಬೋನಸ್ ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ರಾತ್ರಿ ಎರಡು ಮೂರು ಸಲ ಏಳಬೇಕಾಗಿ ಬಂದರೆ ಮಾರನೇ ದಿನ ಮಲಗಲು ಬಿಡಿ. ಶೌಚದ ಕೆಲಸಕ್ಕೆ ಗ್ಲೌಸ್ ತಂದಿಡಿ. ಊಟ ತಟ್ಟೆ ಬೇರೆ, ಲೋಟ ಬೇರೆ ಮಾಡುವ ಮನೆಗಳು ಇನ್ನೂ ಇವೆ, ಅದು ನಿಲ್ಲಬೇಕು. ಅವರಿಗೆ ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರ ನೋಂದಣಿ ಚೀಟಿ) ಇಲ್ಲದಿದ್ದರೆ ನೀವೇ ಕೂತು ಮಾಡಿಸಿಕೊಡಿ.

ಎತ್ತಿ ಕೂರಿಸುವ ಕೆಲಸದಲ್ಲಿ ಸೊಂಟ ಹೋಗುತ್ತದೆ, ಮನೆಯವರದ್ದೂ ಹೋಗುತ್ತದೆ, ಆಯಾದ್ದೂ ಹೋಗುತ್ತದೆ. ವೀಲ್‌ಚೇರ್ ಬ್ರೇಕ್ ಹಾಕಿ, ಹತ್ತಿರ ನಿಂತು, ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತಬೇಕು. ತೂಕ ಜಾಸ್ತಿ ಇದ್ದರೆ ಇಬ್ಬರು ಬೇಕೇ ಬೇಕು. ಫಿಸಿಯೋಥೆರಪಿಸ್ಟ್ ಒಬ್ಬರನ್ನು ಒಂದು ಸಲ ಮನೆಗೆ ಕರೆಸಿ ಎಲ್ಲರಿಗೂ ಇದನ್ನು ತೋರಿಸಿಕೊಡುವ ಹಾಗೆ ಮಾಡಿ. ಶಾಲಿನ ದುಡ್ಡಿಗಿಂತ ಇದಕ್ಕೆ ಖರ್ಚು ಮಾಡಿದ ದುಡ್ಡು ಸಾರ್ಥಕ.

ಹಂತ 7: ಅವರ ಆರೋಗ್ಯ

ಬಿಪಿ, ಶುಗರ್ ಪರೀಕ್ಷೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡಿಸಬಹುದು. ಕೂರುವವರು ಯಾರೂ ಇಲ್ಲದ್ದಕ್ಕೇ ಅವರು ಹೋಗಿರುವುದಿಲ್ಲ, ನಿಮ್ಮ ಎರಡು ಗಂಟೆಯಲ್ಲಿ ಒಂದನ್ನು ಇದಕ್ಕೆ ಇಡಿ. ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಮಾತುಮಾತಿಗೆ ಅಳು ಎಂದಾದರೆ "ಧೈರ್ಯವಾಗಿರಿ" ಎಂದು ಹೇಳಿ ಎದ್ದು ಬರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಪಕ್ಕದಲ್ಲಿ ಕೂತು ನೀವೇ ಡಯಲ್ ಮಾಡಿಕೊಡಿ. "ಇಬ್ಬರೂ ಒಟ್ಟಿಗೆ ಹೋಗಿಬಿಟ್ರೆ ಚೆನ್ನಾಗಿರುತ್ತೆ" ಎಂದು ಅಮ್ಮಂದಿರು ಹೇಳುವುದುಂಟು. ಅದನ್ನು ಬರೀ ಮಾತು ಎಂದು ತಳ್ಳಿಹಾಕಬೇಡಿ, ಅವತ್ತೇ ಫೋನ್ ಮಾಡಿಸಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಸನ್ಮಾನ ಮಾಡಲೇಬೇಕು ಅನ್ನುವವರಿಗೆ

ಮಾಡಿ. ಆದರೆ ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದನ್ನು ಮೊದಲು ಗೊತ್ತುಮಾಡಿ, ಆಮೇಲೆ ಆಹ್ವಾನ ಕೊಡಿ. ಆಟೋ ಖರ್ಚು ಕೊಡಿ. ಒಂದು ಗಂಟೆಯಲ್ಲಿ ಮುಗಿಸಿ, ಭಾಷಣ ಕಡಿಮೆ, ಮೈಕ್ ಸಣ್ಣಗೆ. ವೇದಿಕೆ ಮೇಲೆ "ನಿಮ್ಮ ಕಷ್ಟ ನಾಲ್ಕು ಮಾತಲ್ಲಿ ಹೇಳಿ" ಎಂದು ಅಳಿಸಬೇಡಿ. ಹಣ್ಣಿನ ಬುಟ್ಟಿಯ ಬದಲು ಒಂದು ತಿಂಗಳ ಡೈಪರ್, ಅಥವಾ ಆರು ವಾರ ಯಾರು ಯಾವ ದಿನ ಬಂದು ಕೂರುತ್ತಾರೆ ಎಂದು ಸಂಘದ ಸದಸ್ಯರ ಹೆಸರು ಬರೆದ ಪಟ್ಟಿ ಕೊಡಿ.

ದೂರದಲ್ಲಿ ಇರುವ ಅಕ್ಕ ತಂಗಿ, ಅಣ್ಣ ತಮ್ಮಂದಿರಿಗೆ

"ನಾನು ಅಮೆರಿಕಾದಲ್ಲಿದ್ದೀನಿ, ನಾನೇನು ಮಾಡ್ಲಿ?" ಎಂದು ಕೇಳುವವರು ಈಗ ಜಾಸ್ತಿ. ನಾನೂ ದೂರದಲ್ಲೇ ಇದ್ದೇನೆ, ಹಾಗಾಗಿ ಮಾಡಿ ನೋಡಿದ್ದನ್ನೇ ಹೇಳುತ್ತೇನೆ. ದಿನಾ ಒಂದೇ ಹೊತ್ತಿಗೆ ವಿಡಿಯೋ ಕಾಲ್ ಮಾಡಿ, ಅಮ್ಮನ ಜೊತೆಗಲ್ಲ, ತಮ್ಮನ ಜೊತೆ. ಹದಿನೈದು ನಿಮಿಷ ಅವನು ಫೋನ್ ಮುಂದೆ ಕೂತರೆ ಅಮ್ಮನ ಸ್ನಾನ ಆರಾಮಾಗಿ ಮುಗಿಯುತ್ತದೆ. ನಿರಾಮಯ ನವೀಕರಣ, ಆನ್‌ಲೈನ್ ಅರ್ಜಿ, ಮಾತ್ರೆ ಆರ್ಡರ್ ಎಲ್ಲ ನಿಮ್ಮ ಪಾಲಿಗೆ ಬರಲಿ. ಹಗಲು ನಾಲ್ಕು ಗಂಟೆ ಬರುವ ಒಬ್ಬರ ಸಂಬಳ ನೀವು ಕೊಡಿ, ಆದರೆ ಯಾರು ಬರಬೇಕು ಅನ್ನುವುದನ್ನು ಅಮ್ಮನೇ ನಿರ್ಧರಿಸಲಿ. ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರೆ ಅಂಗವಿಕಲ ಮಗನಿಗೆ ಜೀವನಪೂರ್ತಿ ಕುಟುಂಬ ಪಿಂಚಣಿಗೆ ಅವಕಾಶ ಇದೆ. ತಮ್ಮನ ಹೆಸರು ಪಿಂಚಣಿ ದಾಖಲೆಯಲ್ಲಿ ಇದೆಯಾ ಎಂದು ಅಪ್ಪ ಇರುವಾಗಲೇ ನೋಡಿಸಿ. ವಸತಿ ಕೇಂದ್ರಗಳ ಬಗ್ಗೆಯೂ, ನ್ಯಾಷನಲ್ ಟ್ರಸ್ಟ್‌ನ ಸಮರ್ಥ್-ಕಮ್-ಘರೌಂದಾ ವಸತಿ ಆರೈಕೆ ಯೋಜನೆಯ ಬಗ್ಗೆಯೂ ನೀವೇ ವಿಚಾರಿಸಿ ಇಟ್ಟುಕೊಳ್ಳಿ. ಅಮ್ಮ ಕೇಳಿದ ದಿನ ಉತ್ತರ ನಿಮ್ಮ ಹತ್ತಿರ ಇರಬೇಕು.

ರಜೆಗೆ ಊರಿಗೆ ಹೋದಾಗ ಅಮ್ಮನ ಕೈಲಿ ಒಬ್ಬಟ್ಟು ಮಾಡಿಸಿಕೊಂಡು ತಿಂದು ಬರಬೇಡಿ. ಒಂದು ವಾರ ಆ ಕೆಲಸ ಪೂರ್ತಿ ನೀವು ವಹಿಸಿಕೊಳ್ಳಿ, ರಾತ್ರಿ ಏಳುವುದೂ ಸೇರಿ. ಕಳೆದ ಯುಗಾದಿಗೆ ನಾನು ಶೇವ್ ಮಾಡಲು ಕೂತೆ. ಎಂಟಕ್ಕೇ ಎದ್ದು ಹೋದ. ಅಮ್ಮ ಒಳಗಿಂದಲೇ ಕೂಗಿ ಹೇಳಿದರು, "ನಿಧಾನಕ್ಕೆ ಎಣಿಸು, ನೀನು ಬೇಗ ಬೇಗ ಎಣಿಸ್ತಿದ್ದೀಯ."